ಕೈಯಿಂದ ಕೈಗೆ ಬಂದ ಕೂಸು

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆ ಕೂಡುತ್ತದೆ. ಜಾತ್ರೆಯ ಜೊತೆಗೆ ದನಗಳ ಸಂತೆಯೂ ನೆರೆಯುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ತಿಕೋಟಾದ ಕಡೆಯಿಂದಲೋ ಬಬಲೇಶ್ವರದ ಕಡೆಯಿಂದಲೋ ಬಂದ ರೈತ ಒಂದು ಹೋರಿಯನ್ನು ಕೊಳ್ಳುವ ಮೊದಲು ಎಷ್ಟು ಹೊತ್ತು ಅದರ ಸುತ್ತ ಸುಳಿಯುತ್ತಾನೆ! ಬಾಯಿ ತೆರೆಯಿಸಿ ಹಲ್ಲೆಣಿಸುತ್ತಾನೆ. ಗೊರಸು ಎತ್ತಿ ನೋಡುತ್ತಾನೆ. ಮೈಮೇಲಿನ ಸುಳಿ ಹುಡುಕುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೋ ಎಂದು ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಹಗ್ಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು.

ಅದೇ ರೈತನ ಮನೆಗೆ ತೀರಿಕೊಂಡ ತಂಗಿಯ ಕೂಸು ಬಂತೆನ್ನಿ. ಅದಕ್ಕೆ ಎರಡೂ ಕಿವಿ ಕೇಳಿಸುತ್ತವೆಯೇ, ಸಂಜೆಯ ಮಬ್ಬಿನಲ್ಲಿ ಕಣ್ಣು ಕಾಣುತ್ತದೆಯೇ, ವಯಸ್ಸಿಗೆ ತಕ್ಕ ಮಾತು ಬಂದಿದೆಯೇ, ಯಾವ ಯಾವ ಲಸಿಕೆ ಆಗಿದೆ—ಇವನ್ನು ಯಾರು ನೋಡುತ್ತಾರೆ? ನೋಡುವುದೇ ತಪ್ಪೆನ್ನುವವರೂ ಉಂಟು. "ನಮ್ಮ ಕಳ್ಳಬಳ್ಳಿಯ ಕೂಸು, ಅದನ್ನೇನು ಎತ್ತಿನ ಹಾಗೆ ಪರೀಕ್ಷೆ ಮಾಡುವುದು?" ಎಂದು ಅವರು ಕೇಳುತ್ತಾರೆ. ಮಾತಿನಲ್ಲಿ ಪ್ರೀತಿ ಇದೆ, ಅಪಾಯವೂ ಇದೆ. ಎತ್ತನ್ನು ನೋಡುವುದು ಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕೆ. ಕೂಸನ್ನು ನೋಡುವುದು ಅದಕ್ಕೇನು ಬೇಕೆಂದು ತಿಳಿಯಲಿಕ್ಕೆ. ಈ ಎರಡು ನೋಟಗಳ ಅಂತರವನ್ನು ಕಾಯ್ದೆ ಮಾಡುವವರೂ ವೈದ್ಯರೂ ಸಾಕುವವರೂ ಅರಿತುಕೊಳ್ಳುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯ ಬಹುಭಾಗ ನಮ್ಮ ಜಿಲ್ಲೆಯ ನೆಲದ ಮೇಲೆಯೇ ಹಾದು ಬಂದಿದೆ.

ಪರರ ಮಗುವನ್ನು ಸಾಕುವುದು ನಮಗೆ ಹೊಸದಲ್ಲ. ಆದರೆ ದತ್ತಕ ಬೇರೆ, ಸಾಕುವುದು ಬೇರೆ. ದತ್ತಕಕ್ಕೆ ಹೋಮವುಂಟು, ಸಾಕ್ಷಿಗಳುಂಟು, ಆಮೇಲೆ ಕಾಗದವುಂಟು; ಏಕೆಂದರೆ ಅಲ್ಲಿ ಹೊಲಮನೆಯ ಹಕ್ಕಿನ ಪ್ರಶ್ನೆ ಬರುತ್ತದೆ. ಸಾಕುಮಗನಿಗೆ ಇದಾವುದೂ ಇಲ್ಲ. ಅವನು ಮುತ್ಯಾನ ಮನೆಯಲ್ಲಿಯೋ ಸೋದರಮಾವನ ಮನೆಯಲ್ಲಿಯೋ ಮಠದ ಆಸರೆಯಲ್ಲಿಯೋ ಬೆಳೆದ. ಬೆಳೆದು ತನ್ನ ದಾರಿ ಹಿಡಿದ. ಅವನ ವಿಷಯದಲ್ಲಿ ಯಾವ ದಫ್ತರವೂ ಬಾಯಿ ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಫಾಸ್ಟರ್ ಕೇರ್ ಎಂದೂ ನಮ್ಮ ಸರಕಾರಿ ಕಾಗದಗಳಲ್ಲಿ ಪೋಷಕತ್ವವೆಂದೂ ಈಗ ಕರೆಯುವ ವ್ಯವಸ್ಥೆ ಈ ಹಳೆಯ ರೂಢಿಗೆ ಕಾಯ್ದೆಯ ಅಂಗಿ ತೊಡಿಸಿದ್ದು. ದತ್ತಕದಂತೆ ಇಲ್ಲಿ ಮಗು ಕುಲ ಬದಲಿಸುವುದಿಲ್ಲ. ಹೆತ್ತವರು ಸಾಕಲಾರದ ಕಾಲದಲ್ಲಿ ಇನ್ನೊಂದು ಮನೆ ಅದನ್ನು ಸಾಕುತ್ತದೆ.

ಹಾಗೆಂದು ಹಿಂದಿನವರು ಮಕ್ಕಳ ಬೆಳವಣಿಗೆಯನ್ನು ಗಮನಿಸುತ್ತಿರಲಿಲ್ಲವೆಂದಲ್ಲ. ಮನೆಯ ಆಯಿಗೆ ಎಲ್ಲವೂ ಗೊತ್ತಿತ್ತು. ಗೋಣು ನಿಂತಿತೇ, ಮಗ್ಗುಲು ಹೊರಳಿತೇ, ಬೋರಲು ಬಿತ್ತೇ, ಅಂಬೆಗಾಲಿಕ್ಕಿತೇ, ಹೊಸ್ತಿಲು ದಾಟಿತೇ, ಹಿಡಿದುಕೊಂಡು ನಿಂತಿತೇ ಎಂಬ ಒಂದೊಂದು ಹಂತವನ್ನೂ ಆಕೆ ಕಾಯುತ್ತಿದ್ದಳು. ಕೂಸು ಹೊಸ್ತಿಲು ದಾಟಿದ ದಿನ ಓಣಿಗೆಲ್ಲ ಸಿಹಿ ಹಂಚುವ ಮನೆಗಳು ಇಂದಿಗೂ ಇವೆ. ಇಂದು ವೈದ್ಯರು ಬೆಳವಣಿಗೆಯ ಮೈಲಿಗಲ್ಲುಗಳೆಂದು ಪಟ್ಟಿ ಮಾಡುವುದು ಹೆಚ್ಚುಕಡಿಮೆ ಇವನ್ನೇ. ಆದರೆ ಆಯಿಯ ತಿಳಿವಳಿಕೆ ಇದ್ದದ್ದು ಆಕೆಯ ನೆನಪಿನಲ್ಲಿ. ಆಯಿ ಹೋದರೆ, ಇಲ್ಲವೆ ಕೂಸೇ ಆ ಮನೆ ಬಿಟ್ಟು ಹೋದರೆ, ಆ ನೆನಪು ಕೂಸಿನ ಸಂಗಡ ಹೋಗುತ್ತಿರಲಿಲ್ಲ. ಮನೆಗಳೇ ಒಡೆದುಹೋದ ಕಾಲದಲ್ಲಿ ಈ ಕೊರತೆಯ ಪರಿಣಾಮ ಕಂಡಿತು.

ನಮ್ಮ ಕಡೆಗೆ ಬರ ಅಪರಿಚಿತವಲ್ಲ. 1791-92ರದು ಸತ್ತವರ ತಲೆಬುರುಡೆಗಳ ಬರವೆಂದೇ ಹೆಸರಾಯಿತು. ಆದರೆ ಲೆಕ್ಕ ಸಿಗುವುದು 1876ರಿಂದ 1878ರವರೆಗಿನ ಬರಕ್ಕೆ. ಮೈಸೂರು ಸೀಮೆಯವರು ಧಾತು ಈಶ್ವರ ಬರವೆಂದು ಕರೆದದ್ದು ಇದನ್ನೇ. ಆಗ ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದೆವು. ಜಿಲ್ಲೆಯ ಕಚೇರಿ ಇದ್ದದ್ದು ಕಲಾದಗಿಯಲ್ಲಿ. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 8 ಲಕ್ಷ 16 ಸಾವಿರಕ್ಕೆ ಮೇಲಿತ್ತು. 1881ರಲ್ಲಿ ಅದು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಒಂಬತ್ತು ವರ್ಷಗಳಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೆಕ್ಕದಿಂದ ಅಳಿದುಹೋದರು. ಎಲ್ಲರೂ ಸತ್ತರೆಂದಲ್ಲ, ಗುಳೆ ಹೋಗಿ ಮರಳದವರೂ ಇದರಲ್ಲಿ ಸೇರಿದ್ದಾರೆ. ಡೋಣಿಯ ದಂಡೆಯ ಎರೆಭೂಮಿ, ಒಳ್ಳೆಯ ಮಳೆಯಾದರೆ ಹಗೇವು ತುಂಬ ಜೋಳ ಕೊಡುವ ನೆಲ, ಅಂದು ಒಂದು ತೆನೆಯನ್ನೂ ಕೊಡಲಿಲ್ಲ.

ಇಂಥ ಕಾಲದಲ್ಲಿ ಮಕ್ಕಳು ಯಾರ ಕೈಗೆ ಬಂದರು? ಕೆಲವರು ಬಂಧುಗಳಿಗೆ, ಕೆಲವರು ಊರ ಉಳ್ಳವರಿಗೆ, ಕೆಲವರು ಮಿಷನ್ನಿನ ಅನಾಥಾಲಯಗಳಿಗೆ, ಇನ್ನು ಕೆಲವರು ಸರಕಾರದ ಪರಿಹಾರ ಶಿಬಿರಗಳಿಗೆ ಬಂದರು. ಶಿಬಿರದಲ್ಲಿ ಮಗುವನ್ನು ನೋಡುತ್ತಿದ್ದ ಬಗೆ ಸರಳವಾದದ್ದು: ಇದು ಕೆಲಸಕ್ಕೆ ಆದೀತೋ, ಆಗದೋ? ಆಗುವಂತಿದ್ದರೆ ಕಲ್ಲು ಹೊರುವ ಕೂಲಿಯಲ್ಲಿ ಒಂದು ಪಾಲು, ಇಲ್ಲದಿದ್ದರೆ ಗಂಜಿ. ವೈಸರಾಯರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲಿಷ್ಟು ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಕಟುವಾಗಿ ವಿರೋಧಿಸಿದ. ಇಷ್ಟರ ಮೇಲೆ ದುಡಿಯುವ ದೇಹ ಕರಗಿಹೋಗುತ್ತದೆ ಎಂಬುದು ಅವನ ವಾದ. ಹಸಿದ ದೇಹಕ್ಕೆ ಎಷ್ಟು ಬೇಕೆಂಬುದನ್ನು ಖಜಾನೆ ಹೇಳಬೇಕೋ ವೈದ್ಯ ಹೇಳಬೇಕೋ ಎಂಬ ಜಗಳ ನಮ್ಮ ದೇಶದಲ್ಲಿ ಹೀಗೆ ಬಹಿರಂಗವಾಗಿ ನಡೆಯಿತು.

ಇನ್ನೊಬ್ಬ ವೈದ್ಯನ ಮಾತನ್ನು ಇಲ್ಲಿ ನೆನೆಯಬೇಕು. ಮದರಾಸಿನ ಕಡೆ ಬರದ ರೋಗಿಗಳನ್ನು ನೋಡಿದ, ಸತ್ತವರ ದೇಹಗಳನ್ನೂ ಪರೀಕ್ಷಿಸಿದ ಅಲೆಕ್ಸಾಂಡರ್ ಪೋರ್ಟರ್ 1889ರಲ್ಲಿ ಆ ಬರದ ರೋಗಗಳ ಮೇಲೆ ಒಂದು ಗ್ರಂಥ ಪ್ರಕಟಿಸಿದ. ಬಹುಕಾಲ ಉಪವಾಸ ಬಿದ್ದ ದೇಹದ ಕರುಳು ಎಷ್ಟು ಸವೆದಿರುತ್ತದೆಂಬುದು ಇಂಥ ಪರೀಕ್ಷೆಗಳಿಂದ ಕಂಡುಬಂತು. ಹಸಿದು ಬಂದ ಕೂಸಿಗೆ ಕರುಣೆಯಿಂದ ಹೊಟ್ಟೆ ತುಂಬ ಉಣಿಸಿದರೆ ಆ ಊಟವೇ ಕೂಸನ್ನು ಕೊಲ್ಲಬಹುದು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿರುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ತೀವ್ರವಾಗಿ ಸೊರಗಿದ ಮಕ್ಕಳಿಗೆ ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಉಣಿಸುತ್ತಾರೆ. ಬರಗಾಲದಲ್ಲಿ ಮಕ್ಕಳನ್ನು ಎತ್ತಿಕೊಂಡ ಎಷ್ಟೋ ಸದಯರಿಗೆ ಇದು ತಿಳಿದಿರಲಿಲ್ಲ. ಕೂಸನ್ನು ಉಣಿಸುವ ಮೊದಲು ನೋಡಬೇಕು ಎಂಬ ಪಾಠಕ್ಕೆ ತೆತ್ತ ಬೆಲೆ ದೊಡ್ಡದು.

ಮುಂದೆ 1896-97ರಲ್ಲಿ, 1899-1900ರಲ್ಲಿ ಮತ್ತೆ ಬರ ಬಂತು. ನಮ್ಮ ಘಟ್ಟದಲ್ಲಿ, ಗಂಗಾಮೂಲದ ಸಮೀಪ ಹುಟ್ಟಿ, ಮೊದಲಿನ ಬರಗಾಲದ ವರ್ಷಗಳಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡಿದ್ದ ಪಂಡಿತಾ ರಮಾಬಾಯಿಯವರು ಈ ಬರಗಳಲ್ಲಿ ಮಧ್ಯಪ್ರಾಂತದಿಂದಲೂ ಗುಜರಾತದಿಂದಲೂ ನೂರಾರು ಅನಾಥ ಹೆಣ್ಣುಮಕ್ಕಳನ್ನು ಪುಣೆಯ ಬಳಿಯ ಕೇಡಗಾವಿಗೆ ಕರೆತಂದು ಸಾಕಿದರು. ಅತ್ತ ಪಂಜಾಬಿನ ಲಾಲಾ ಲಜಪತ ರಾಯರು ಅನಾಥರಿಗಾಗಿ ಚಳವಳಿ ಹೂಡಿ ಕ್ಷಾಮ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಆ ಕಾಲದ ವಾದವೆಲ್ಲ ಮಗು ಯಾವ ಮತದವರ ಕೈಗೆ ಹೋಗಬೇಕೆಂಬುದರ ಸುತ್ತ ತಿರುಗಿತು. ವಾದ ಸಣ್ಣದಲ್ಲ, ನಿಜ. ಆದರೆ ಎಂಥ ಕೈಗೆ ಎಂದು ಇಷ್ಟು ಕೇಳಿದವರು, ಎಂಥ ಸ್ಥಿತಿಯಲ್ಲಿ ಎಂದು ಅಷ್ಟೇ ಗಟ್ಟಿಯಾಗಿ ಕೇಳಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ.

ಇನ್ನು ಕಾಯ್ದೆಯ ಮಾತು. ಇದರಲ್ಲಿ ಹೆಚ್ಚು ತಡೆಯುವುದಿಲ್ಲ. 1850ರ ಅಪ್ರೆಂಟಿಸ್ ಕಾಯ್ದೆ ಅನಾಥ ಮಕ್ಕಳನ್ನೂ ಬಡ ಮಕ್ಕಳನ್ನೂ ಕಸುಬು ಕಲಿಯಲು ಯಜಮಾನನ ವಶಕ್ಕೆ ಕೊಡಬಹುದೆಂದಿತು. ಅದು ಕೇಳಿದ್ದು ವಯಸ್ಸನ್ನು, ಹತ್ತಕ್ಕೆ ಮೇಲೆ ಹದಿನೆಂಟಕ್ಕೆ ಒಳಗೆ. ಸಂತೆಯ ನೋಟ ಇಲ್ಲಿಯೂ ಕಾಣುತ್ತದೆ. 1890ರ ಪಾಲಕರ ಕಾಯ್ದೆ ಮಗುವಿನ ಹಿತವೆಂಬ ಮಾತನ್ನು ನ್ಯಾಯಾಲಯಕ್ಕೆ ತಂದಿತು. ಆದರೆ ಆ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಆಸ್ತಿಯಿದ್ದ ಮನೆಯವರೇ ಹೆಚ್ಚು. 1924ರ ಮುಂಬಯಿ ಮಕ್ಕಳ ಕಾಯ್ದೆ ದೊಡ್ಡ ಹೆಜ್ಜೆ. ದಿಕ್ಕಿಲ್ಲದ ಮಗುವನ್ನು ಸಂಸ್ಥೆಗಲ್ಲದೆ 'ಯೋಗ್ಯ ವ್ಯಕ್ತಿ'ಯೊಬ್ಬರ ವಶಕ್ಕೂ ಒಪ್ಪಿಸಬಹುದೆಂದು ಅದು ಹೇಳಿತು. ಇಂದಿನ ಪೋಷಕತ್ವದ ಬೀಜ ಅಲ್ಲಿದೆ. ಆದರೆ ಗಮನಿಸಿ: ಯೋಗ್ಯತೆಯ ಪ್ರಶ್ನೆ ಎದ್ದದ್ದು ಸಾಕುವವರ ವಿಷಯದಲ್ಲಿ. ಮಗುವಿನ ಅಗತ್ಯವೇನು ಎಂಬುದು ಇನ್ನೂ ಹಿಂದೆಯೇ ಉಳಿದಿತ್ತು. 1956ರಲ್ಲಿ ನಾವು ವಿಶಾಲ ಮೈಸೂರಿಗೆ ಸೇರಿದೆವು. 1964ರಲ್ಲಿ ರಾಜ್ಯಕ್ಕೆ ತನ್ನದೇ ಮಕ್ಕಳ ಕಾಯ್ದೆ ಬಂತು. 1986ರಲ್ಲಿ, ಮತ್ತೆ 2000ದಲ್ಲಿ, ಕೊನೆಗೆ 2015ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯ್ದೆಗಳು ಬಂದವು.

ಈ ನಡುವೆ ಹೊರಗಿನ ಜಗತ್ತಿನಲ್ಲಿ ಮಗುವನ್ನು ನೋಡುವ ದೃಷ್ಟಿ ಬದಲಾಯಿತು. ಅದಕ್ಕೆ ಎರಡು ಘಟನೆಗಳನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ದುಃಖದ ಕಥೆ. 1945ರ ಜನವರಿಯಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರಿನ ಒಂದು ಒಕ್ಕಲುಮನೆಯಲ್ಲಿ ಹನ್ನೆರಡು ವರ್ಷದ ಡೆನಿಸ್ ಓನೀಲ್ ಎಂಬ ಹುಡುಗ ಸತ್ತ. ಸರಕಾರವೇ ಅವನನ್ನು ಆ ಮನೆಗೆ ಸಾಕಲು ಒಪ್ಪಿಸಿತ್ತು. ಹೊಡೆತ ಮತ್ತು ಹಸಿವಿನಿಂದ ಅವನು ಸತ್ತನೆಂದು ವಿಚಾರಣೆಯಲ್ಲಿ ತಿಳಿಯಿತು. ವಯಸ್ಸಿಗೆ ಇರಬೇಕಾದ ತೂಕಕ್ಕಿಂತ ಅವನ ತೂಕ ಬಹಳ ಕಡಿಮೆ ಇತ್ತು. ಆ ತೂಕ ಒಂದು ದಿನದಲ್ಲಿ ಇಳಿದದ್ದಲ್ಲ. ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ನಿಲ್ಲಿಸಿ ಬರೆದಿಟ್ಟಿದ್ದರೆ ಆ ಅಂಕಿಗಳೇ ಕೂಗಿ ಹೇಳುತ್ತಿದ್ದವು. ದೇಶವೆಲ್ಲ ತಲೆ ತಗ್ಗಿಸಿತು. 1946ರಲ್ಲಿ ಕರ್ಟಿಸ್ ಸಮಿತಿಯ ವರದಿ ಬಂತು, 1948ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂತು.

ಎರಡನೆಯದು ರುಮೇನಿಯಾದ್ದು. ಅಲ್ಲಿನ ಸರ್ವಾಧಿಕಾರಿ ಚೌಸೆಸ್ಕು 1989ರಲ್ಲಿ ಉರುಳಿದಾಗ ಸಾವಿರಾರು ಮಕ್ಕಳು ದೊಡ್ಡ ಅನಾಥಾಲಯಗಳಲ್ಲಿ ತುಂಬಿಕೊಂಡಿರುವುದು ಹೊರಬಿತ್ತು. ಮುಂದೆ 2000ದ ದಶಕದ ಆರಂಭದಲ್ಲಿ ರಾಜಧಾನಿ ಬುಖಾರೆಸ್ಟಿನಲ್ಲಿ ಅಮೆರಿಕದ ಮೂವರು ವಿದ್ವಾಂಸರು, ನೆಲ್ಸನ್, ಝೀನಾ ಮತ್ತು ಫಾಕ್ಸ್, ಒಂದು ಅಧ್ಯಯನ ಕೈಗೊಂಡರು. ಎರಡೂವರೆ ವರ್ಷದ ಆಚೀಚೆಯವರೆಗಿನ 136 ಎಳೆಯರನ್ನು ಮೊದಲು ತಲೆಯಿಂದ ಕಾಲಿನವರೆಗೆ, ಬುದ್ಧಿ ಮಾತು ನಡೆಗಳೆಲ್ಲವನ್ನೂ ಪರೀಕ್ಷಿಸಿದರು. ಆಮೇಲೆ ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಉಳಿದವರಿಗೆ ಅಲ್ಲಿನ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. ಮನೆಗೆ ಹೋದ ಮಕ್ಕಳು ಬುದ್ಧಿಯಲ್ಲಿಯೂ ಮಮತೆಯಲ್ಲಿಯೂ ಮುಂದೆ ಬಂದರು. ಎರಡು ವರ್ಷ ತುಂಬುವುದರೊಳಗೆ ಹೋದವರು ಇನ್ನೂ ಹೆಚ್ಚು. ಉಳಿದವರ ಪಾಡೇನು ಎಂಬ ಪ್ರಶ್ನೆ ಈ ಅಧ್ಯಯನದ ಮೇಲೆ ಏಳದೆ ಇರಲಿಲ್ಲ, ಏಳಬೇಕಾದದ್ದೇ. ಆದರೆ ನಮ್ಮ ಪ್ರಸ್ತಾಪಕ್ಕೆ ಬೇಕಾದದ್ದು ಇಷ್ಟು: ಮನೆ ಏನು ಮಾಡಬಲ್ಲದೆಂದು ತಿಳಿದದ್ದು, ಮನೆಗೆ ಹೋಗುವ ಮೊದಲಿನ ಸ್ಥಿತಿಯನ್ನು ಬರೆದಿಟ್ಟದ್ದರಿಂದ.

ಬರೆಯುವುದೆಂದರೆ ಹೇಗೆ? ಅಳೆಯಲು ಗಜಕಡ್ಡಿ ಬೇಕಲ್ಲ! ಎತ್ತರ ತೂಕಗಳದು ಸುಲಭ. ಬುದ್ಧಿಯ ಬೆಳವಣಿಗೆಯದು ಕಷ್ಟ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಲ್ಡ್ ಗೆಸೆಲ್ ಎಂಬವರು 1911ರಿಂದ ಮಕ್ಕಳನ್ನು ತಿಂಗಳು ತಿಂಗಳೂ ಗಮನಿಸಿ ಬರೆದದ್ದು ಈ ಶಾಸ್ತ್ರಕ್ಕೆ ತಳಪಾಯ. ಆದರೆ ಅಮೆರಿಕದ ಕೂಸಿನ ಅಳತೆಗೋಲು ನಮ್ಮ ಕೂಸಿಗೆ ಹೊಂದೀತೇ? ಬರೋಡಾದ ವಿದುಷಿ ಪ್ರಮೀಳಾ ಫಾಟಕರು ಭಾರತದ ಮಕ್ಕಳನ್ನೇ ಪರೀಕ್ಷಿಸಿ 1970ರಲ್ಲಿ ನಮ್ಮದೇ ಮಾನಕ ಸಿದ್ಧಪಡಿಸಿದರು. ಅದರಲ್ಲಿ ಮೈಕೈ ಚಲನೆಗೆ 67, ಮನಸ್ಸಿನ ಬೆಳವಣಿಗೆಗೆ 163 ಅಂಶಗಳಿವೆ, ಎರಡೂವರೆ ವರ್ಷದವರೆಗಿನ ಮಕ್ಕಳಿಗೆ. ಇಷ್ಟು ದೊಡ್ಡ ಪಟ್ಟಿಯನ್ನು ಹಳ್ಳಿಯಲ್ಲಿ ಕೂತು ತುಂಬುವವರಾರು? ತಿರುವನಂತಪುರದ ವೈದ್ಯರು 1991ರಲ್ಲಿ ಬರೋಡಾದ ಮಾನಕದಿಂದಲೇ 17 ಅಂಶಗಳನ್ನು ಆರಿಸಿ ಒಂದು ಹಾಳೆಯ ಪಟ್ಟಿ ಮಾಡಿದರು. ಎರಡು ವರ್ಷದೊಳಗಿನ ಕೂಸನ್ನು ಅಂಗನವಾಡಿಯ ಅಕ್ಕನೇ ಕೆಲವು ನಿಮಿಷಗಳಲ್ಲಿ ಅದರಿಂದ ನೋಡಬಹುದು. ಹಿಂದೆ ಬಿದ್ದಂತೆ ಕಂಡರೆ ವೈದ್ಯರಲ್ಲಿಗೆ ಕಳಿಸುವುದು ಅದರ ಉದ್ದೇಶ; ಕೂಸಿಗೆ ದಡ್ಡನೆಂಬ ಹಣೆಪಟ್ಟಿ ಕಟ್ಟುವುದು ಅಲ್ಲ. ಇನ್ನು ಸೊರಗಿದ ಕೂಸನ್ನು ಗುರುತಿಸಲು ರಟ್ಟೆಯ ಸುತ್ತಳತೆಯ ಪಟ್ಟಿಯೊಂದುಂಟು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳಿನ ನಡುಭಾಗ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ಕೆಂಪು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. 12.5ಕ್ಕೆ ಮೇಲಿದ್ದರೆ ಹಸಿರು. ಬಳೆಗಾರನ ಅಳತೆಯಷ್ಟೇ ಸುಲಭವಾದ ಈ ಪಟ್ಟಿ 1876ರಲ್ಲಿ ಇದ್ದಿದ್ದರೆ!

ಈಗ ನಮ್ಮ ಜಿಲ್ಲೆಗೆ ಮರಳೋಣ. ತಿಕೋಟಾ ಮತ್ತು ಬಬಲೇಶ್ವರ 2018ರಲ್ಲಿ ತಾಲ್ಲೂಕುಗಳಾದವು. ದ್ರಾಕ್ಷಿಯ ಪಡಗಳು ಬಂದಿವೆ, ಏತ ನೀರಾವರಿಯ ನೀರು ಬಂದಿದೆ. ಹಳೆಯ ಬರದ ಮುಖ ಬಹುಮಟ್ಟಿಗೆ ಬದಲಾಗಿದೆ. ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲದೆ 1980ರ ದಶಕದಿಂದ ಎರಡು ವೈದ್ಯಕೀಯ ಕಾಲೇಜುಗಳಿವೆ. ದಿಕ್ಕಿಲ್ಲದ ಮಗು ಕಂಡರೆ 1098ಕ್ಕೆ ಫೋನು ಮಾಡಬಹುದು. ಕಾಯ್ದೆಯ ಪ್ರಕಾರ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಸಾಮಾಜಿಕ ತನಿಖೆ ಮಾಡಿಸುತ್ತದೆ, ವೈದ್ಯರಿಂದ ಪರೀಕ್ಷೆಯಾಗುತ್ತದೆ, ಆ ಮಗುವಿಗೆಂದೇ ಒಂದು ಪಾಲನಾ ಯೋಜನೆಯನ್ನು ಬರೆಯಬೇಕಾಗುತ್ತದೆ. 2015ರ ಕಾಯ್ದೆಯ 44ನೆಯ ಕಲಮು ಪೋಷಕತ್ವದ್ದು: ಒಡಹುಟ್ಟಿದವರನ್ನು ಆದಷ್ಟೂ ಅಗಲಿಸಬಾರದು, ಮಗುವಿನ ಶಿಕ್ಷಣ, ಆರೋಗ್ಯ, ಆಹಾರ ಸಾಕುವ ಮನೆಯ ಹೊಣೆ, ಸಮಿತಿ ತಿಂಗಳಿಗೊಮ್ಮೆ ಮನೆಗೆ ಹೋಗಿ ಮಗು ಹೇಗಿದೆಯೆಂದು ನೋಡಬೇಕು. ಡೆನಿಸ್ ಓನೀಲನ ಪಾಲಿಗೆ ಇಲ್ಲದಿದ್ದ ಎಚ್ಚರಿಕೆ ನಮ್ಮ ಕಾಯ್ದೆಯಲ್ಲಿ ಅಕ್ಷರವಾಗಿದೆ. 2024ರ ಹೊಸ ಮಾರ್ಗಸೂಚಿ ಮದುವೆಯಾಗದವರಿಗೂ, ಒಂಟಿಯಾಗಿರುವವರಿಗೂ ಮಗುವನ್ನು ಸಾಕುವ ಅವಕಾಶ ಕೊಟ್ಟಿತು.

ಪರೀಕ್ಷೆಯಲ್ಲಿ ನೋಡಬೇಕಾದದ್ದೇನು, ಎಷ್ಟು ದಿನದಲ್ಲಿ? ಅಮೆರಿಕದ ಮಕ್ಕಳ ವೈದ್ಯರ ಸಂಘ ಹಾಕಿಕೊಂಡಿರುವ ಕ್ರಮ ನನಗೆ ಹಿಡಿಸಿದೆ. ಅದರಲ್ಲಿ ಎರಡು ಸಲ ನೋಡುವ ವಿವೇಕವಿದೆ. ಮೊದಲ ನೋಟ 72 ಗಂಟೆಯೊಳಗೆ: ಗಾಯವಿದೆಯೇ, ಜ್ವರವಿದೆಯೇ, ನಿಲ್ಲಿಸಬಾರದ ಔಷಧವೇನಾದರೂ ಉಂಟೇ, ತುರಿಕಜ್ಜಿ ಹೇನು ಮುಂತಾದ ಒಬ್ಬರಿಂದೊಬ್ಬರಿಗೆ ಹಬ್ಬುವುದೇನಾದರೂ ಇದೆಯೇ. ಎರಡನೆಯದು 30 ದಿನದೊಳಗೆ, ಸಾವಕಾಶವಾಗಿ: ಎತ್ತರ, ತೂಕ, ರಕ್ತಹೀನತೆ, ಕಣ್ಣು, ಕಿವಿ, ಹಲ್ಲು, ಮಾತು, ಕೈಗೆಲಸ, ನಾಲ್ಕು ಜನರೊಡನೆ ಬೆರೆಯುವ ರೀತಿ, ಮನಸ್ಸಿನ ದುಗುಡ. ಎರಡು ನೋಟ ಏಕೆಂದರೆ ಮನೆ ಬಿಟ್ಟು ಬಂದ ಮೊದಲ ದಿನ ಯಾವ ಮಗುವೂ ತನ್ನ ನಿಜವಾದ ಮಗುವಲ್ಲ. ಅವ್ವನನ್ನು ಕಳೆದುಕೊಂಡ ಮೂರು ವರ್ಷದ ಹುಡುಗಿ ಅಪರಿಚಿತರ ಎದುರಿಗೆ ತುಟಿ ಬಿಚ್ಚದಿದ್ದರೆ ಆಕೆಗೆ ಮಾತು ಬಂದಿಲ್ಲವೆಂದು ಬರೆಯಬಹುದೇ? ವಾರ ಬಿಟ್ಟು ನೋಡಿದರೆ ಓಣಿಯ ಹುಡುಗರೊಡನೆ ಜಗಳವಾಡುತ್ತಿರಬಹುದು. ಹಾಗೆಯೇ ಅತಿ ವಿಧೇಯ ಮಗು ಆರೋಗ್ಯವಂತ ಮಗುವೆಂದು ಮೋಸಹೋಗಲೂಬಾರದು. ಕರೆದವರ ತೊಡೆಯನ್ನೆಲ್ಲ ಏರಿ ಕೂಡುವ ಕೂಸನ್ನು ನಾವು ಚೂಟಿಯೆಂದು ಮೆಚ್ಚುತ್ತೇವೆ. ಮಮತೆಗೆ ಒಂದು ನೆಲೆ ಸಿಗದೆ ಹಾಗಾಗಿರಬಹುದೆಂದು ಬುಖಾರೆಸ್ಟಿನ ಅಧ್ಯಯನ ತೋರಿಸಿತು.

ಕಿವಿಯ ಮಾತೊಂದು. ಕೇಳದ ಮಕ್ಕಳನ್ನು ಮಂದಬುದ್ಧಿಯವರೆಂದೋ ಹಟಮಾರಿಗಳೆಂದೋ ತಿಳಿದ ಉದಾಹರಣೆ ಎಷ್ಟೋ. ರೇಡಿಯೋ ಇರುವ ಮನೆ ನಿಮ್ಮದು. ಕೂಸಿನ ಕಣ್ಣಿಗೆ ಬೀಳದಂತೆ ಹಿಂದಿನಿಂದ ಅದನ್ನು ಮೆಲ್ಲಗೆ ಹಚ್ಚಿ ನೋಡಿ, ಸಪ್ಪಳ ಬಂದ ಕಡೆಗೆ ಗೋಣು ತಿರುಗುತ್ತದೆಯೇ ಎಂದು. ಇದು ವೈದ್ಯರ ಪರೀಕ್ಷೆಗೆ ಬದಲಲ್ಲ, ಆದರೆ ಅನುಮಾನ ಬಂದರೆ ಆ ಅನುಮಾನವನ್ನು ಅವರಲ್ಲಿಗೆ ಒಯ್ಯಬಹುದು.

ಇನ್ನು ವಯಸ್ಸು. ದಿಕ್ಕಿಲ್ಲದೆ ಸಿಕ್ಕ ಮಗುವಿಗೆ ಹುಟ್ಟಿದ ದಿನ ಯಾರು ಹೇಳಬೇಕು? ಶಾಲೆಯ ದಾಖಲೆ, ಹುಟ್ಟಿನ ದಾಖಲೆ ಹುಡುಕಬೇಕು; ಯಾವುದೂ ಇಲ್ಲದಿದ್ದರೆ ವೈದ್ಯರು ಎಲುಬಿನ ಪರೀಕ್ಷೆ ಮುಂತಾದವುಗಳಿಂದ ಅಂದಾಜು ಮಾಡುತ್ತಾರೆ. ಹಸಿದು ಬೆಳೆದ ಎಂಟು ವರ್ಷದ ಹುಡುಗ ಐದರವನಂತೆ ಕಾಣುತ್ತಾನೆ. ಎತ್ತರ ನೋಡಿ ಐದೆಂದು ಬರೆದರೋ, ಅವನ ಕುಂಠಿತ ಬೆಳವಣಿಗೆ ಕಾಗದದ ಮೇಲೆ ಮಾಯವಾಗುತ್ತದೆ. ಐದರವನಿಗೆ ಇಷ್ಟೆತ್ತರ ಸರಿಯೇ ಅಲ್ಲವೇ! ಆದಕಾರಣ ವೈದ್ಯರು ಬಾಯಿ ತೆರೆಯಿಸಿ ನೋಡುತ್ತಾರೆ. ಹಾಲುಹಲ್ಲುಗಳ ಹಿಂದೆ ಮೊದಲ ದವಡೆಹಲ್ಲು ಬರುವುದು ಆರರ ಸುಮಾರಿಗೆ, ಎರಡನೆಯದು ಹನ್ನೆರಡರ ಸುಮಾರಿಗೆ. ಹಲ್ಲನ್ನು ಸಂತೆಯವನೂ ನೋಡಿದ, ವೈದ್ಯನೂ ನೋಡಿದ. ಮೊದಲನೆಯವನು ಬೆಲೆ ಕಟ್ಟಿದ. ಎರಡನೆಯವನು ಈ ಮಗುವಿಗೆ ಮೂರು ವರ್ಷದ ಊಟ ಬಾಕಿ ಇದೆಯೆಂದು ಲೆಕ್ಕ ಹಾಕಿದ.

ಈ ಪರೀಕ್ಷೆಯ ಕಾಗದವೇ ಮಗುವಿಗೆ ಶತ್ರುವಾಗಬಾರದೆಂಬ ಭಯವೂ ಇದೆ, ಅದು ಸುಳ್ಳು ಭಯವಲ್ಲ. ಕಾಗದದಲ್ಲಿ ಒಂದು ಕೊರತೆ ಕಂಡೊಡನೆ 'ಇದು ಬೇಡ, ಇನ್ನೊಂದು ತೋರಿಸಿ' ಎನ್ನುವವರು ಇದ್ದಾರು. ಹಾಗೆಂದವರಿಗೆ ಮಗುವನ್ನು ಕೊಡದಿರುವುದೇ ಲೇಸು. ಆದರೆ ಕೊರತೆಯನ್ನು ಬಚ್ಚಿಟ್ಟು ಒಪ್ಪಿಸುವುದು ಇನ್ನೂ ಕೆಟ್ಟದ್ದು. ಮೂರ್ಛೆರೋಗದ ಮಾತ್ರೆ ನಿಂತರೆ ಏನಾಗುತ್ತದೆಂದು ತಿಳಿಯದ ಮನೆಯವರು, ಕೂಸು ಬಿದ್ದು ಒದ್ದಾಡಿದಾಗ ದೆವ್ವವೆಂದು ಹೆದರಿ ಮರಳಿ ತಂದುಬಿಟ್ಟರೆ, ಆ ಮಗು ಎರಡನೆಯ ಸಲ ಮನೆ ಕಳೆದುಕೊಂಡಂತೆ. ಹೇಳಿ ಕೊಟ್ಟರೆ, ಕಲಿಸಿ ಕೊಟ್ಟರೆ, ಸಾಕುವವರು ಗಟ್ಟಿ ನಿಲ್ಲುತ್ತಾರೆ.

ಕೊನೆಯದಾಗಿ, ಯಾವ ಸಮಿತಿಯ ಕಣ್ಣಿಗೂ ಬೀಳದ ಸಾಕುಮಕ್ಕಳ ಮಾತು. ನಮ್ಮ ಜಿಲ್ಲೆಯಿಂದ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ, ಮಹಾರಾಷ್ಟ್ರ ಗೋವೆಗಳ ಕಡೆಗೆ ಪ್ರತಿವರ್ಷ ಗುಳೆ ಹೋಗುವವರುಂಟು. ಹೋಗುವಾಗ ಮಕ್ಕಳನ್ನು ಆಯಿಯ ಹತ್ತಿರ, ದೊಡ್ಡಪ್ಪನ ಹತ್ತಿರ ಬಿಟ್ಟು ಹೋಗುತ್ತಾರೆ. ನಗರದಲ್ಲಿರುವ ನಿಮ್ಮ ಮನೆಗೇ ಓದಿಗೆಂದು ಅಣ್ಣನ ಮಗ, ಅಕ್ಕನ ಮಗಳು ಬಂದಿರಬಹುದು. ಇವರಿಗೆ ನ್ಯಾಯಾಲಯದ ಹುಕುಮಿಲ್ಲ, ತನಿಖೆಯಿಲ್ಲ. ಪ್ರೀತಿ ಮಾತ್ರ ಉಂಟು. ಅಂಗನವಾಡಿಯ ತೂಕದ ಪಟ್ಟಿ ಹಳ್ಳಿಯಲ್ಲಿ ಉಳಿಯುತ್ತದೆ, ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡು ಅವ್ವನ ಟ್ರಂಕಿನಲ್ಲಿ ಉಳಿಯುತ್ತದೆ, ಮಗು ಮಾತ್ರ ಬಟ್ಟೆಯ ಗಂಟಿನೊಡನೆ ಬರುತ್ತದೆ. ಆ ಕಾರ್ಡನ್ನು ಗಂಟಿನಲ್ಲಿ ಇರಿಸಲು ಹೇಳಿ. ಬಂದ ವಾರದಲ್ಲಿ ಹತ್ತಿರದ ಅಂಗನವಾಡಿಗೆ ಕರೆದೊಯ್ದು ಹೆಸರು ಬರೆಯಿಸಿ ತೂಕ ಮಾಡಿಸಿ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬರಬೇಕೆಂದಿದೆ. ಹುಟ್ಟಿನ ದೋಷ, ಕೊರತೆ, ರೋಗ, ಬೆಳವಣಿಗೆಯಲ್ಲಿ ಹಿನ್ನಡೆ—ನಾಲ್ಕನ್ನೂ ಅವರು ನೋಡುತ್ತಾರೆ. ಅವರು ಬರುವ ದಿನ ಯಾವುದೆಂದು ಅಕ್ಕನನ್ನು ಕೇಳಿಟ್ಟುಕೊಳ್ಳಿ. ಸುಗ್ಗಿ ಮುಗಿದು ಅವ್ವ ಅಪ್ಪ ಮರಳಿ ಬಂದು ಮಗುವನ್ನು ಕರೆದೊಯ್ಯುವಾಗ, ನಿಮ್ಮಲ್ಲಿದ್ದಷ್ಟು ದಿನದ ತೂಕ, ಹಾಕಿಸಿದ ಲಸಿಕೆ, ಬಂದ ಜ್ವರ ಎಲ್ಲವೂ ಆ ಕಾರ್ಡಿನಲ್ಲಿಯೋ ಅದರೊಳಗೆ ಮಡಿಚಿಟ್ಟ ಒಂದು ಹಾಳೆಯಲ್ಲಿಯೋ ಬರೆದಿರಲಿ, ಬರೆದ ತಾರೀಖಿನ ಸಮೇತ.